ಕಲ್ಪಿತ ಯಂತ್ರಗಳೂ ಅವುಗಳ ಸ್ಮೃತಿಯ ಹಂಚಿಕೆಯೂ

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಕಲಾ ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ಹೊಟ್ಟೆಯೊಳಗಿನ ಸಂಗತಿಯನ್ನು ಕುರಿತು ಬರೆಯಹೊರಟಿರುವದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ಈ ವಿಷಯಕ್ಕೆ ನಾನು ಬಂದುದು ಹೊಲದ ದಾರಿಯಿಂದ, ಆದ್ದರಿಂದ ಕ್ಷಮೆಯಿರಲಿ.

ಕಳೆದ ಮುಂಗಾರಿಯ ಮುಂಚೆ ಬೆಳೆಸಾಲಕ್ಕೆ ಬೇಕಾದ ಉತಾರ ತರಲು ತಂದೆಯವರೊಡನೆ ಇಟಗಿಯಿಂದ ನಾಡಕಚೇರಿಗೆ ಹೋಗಿದ್ದೆನು. ನಮ್ಮ ಪಾಳಿ ಬಂದಾಗ ಗುಮಾಸ್ತರು ಸರ್ವೆ ನಂಬರನ್ನು ಒತ್ತಿದರು. ಪರದೆಯ ಮೇಲೆ ಒಂದು ಕ್ಷಣ ಚಕ್ರ ತಿರುಗಿ ನಮ್ಮ ಅಜ್ಜನ ಹೆಸರು, ಹೊಲದ ಎಕರೆ, ಗುಂಟೆ ಎಲ್ಲವೂ ಮೂಡಿದವು. ಅದನ್ನೇ ನೋಡುತ್ತ ನಿಂತಿದ್ದ ತಂದೆಯವರು, "ತಮ್ಮಾ, ನಮ್ಮ ಹೊಲ ಈ ಡಬ್ಬಿಯೊಳಗ ಐತೇನು?" ಎಂದು ಕೇಳಿದರು. "ಇಲ್ಲಪ್ಪಾ, ಬೆಂಗಳೂರಾಗ ಐತಿ" ಎಂದೆನು. "ಬೆಂಗಳೂರಾಗ ಎಲ್ಲಿ? ಯಾರ ಮನ್ಯಾಗ?" ಎಂದರು. ಮೂರು ವರ್ಷ ಕಾಲೇಜಿನ ಮಣ್ಣು ಹೊತ್ತವನ ಬಾಯಿ ಅಲ್ಲಿಗೆ ಕಟ್ಟಿತು. ಆ ಪ್ರಶ್ನೆಗೆ ಉತ್ತರ ಹುಡುಕುವದರಲ್ಲಿ ನನ್ನ ಎರಡು ಸೂಟಿಗಳು ಕಳೆದವು. ದೊರೆತುದನ್ನು ಇಲ್ಲಿ ನನಗೆ ತಿಳಿದ ಮಾತಿನಲ್ಲಿ ಹೇಳುತ್ತೇನೆ.

ಮೊದಲು ಉತಾರಗಳು ತಲಾಟಿಯವರ ದಫ್ತರದಲ್ಲಿ ಕೈಬರಹದಲ್ಲಿರುತ್ತಿದ್ದವು. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಕರ್ನಾಟಕದ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಉತಾರಗಳು ಗಣಕಯಂತ್ರಕ್ಕೆ ಏರಿದವು. ಆರಂಭದಲ್ಲಿ ತಾಲೂಕಿಗೊಂದು ಯಂತ್ರವಿದ್ದಿತು. ಮುಂದೆ ರಾಜ್ಯದ ದತ್ತಾಂಶ ಕೇಂದ್ರದಲ್ಲಿ ಅವನ್ನೆಲ್ಲ ಒಟ್ಟುಗೂಡಿಸಲಾಯಿತು. ಇಂಥ ದತ್ತಾಂಶ ಕೇಂದ್ರಗಳಲ್ಲಿ ಇಂದು ಒಂದೊಂದು ಕೆಲಸಕ್ಕೆ ಒಂದೊಂದು ಯಂತ್ರವನ್ನು ಕೊಂಡು ಇಡುವ ರೂಢಿಯಿಲ್ಲ. ಹಾಗೆ ಇಟ್ಟರೆ ಹತ್ತರಲ್ಲಿ ಎಂಟು ಯಂತ್ರಗಳು ಬಹುಹೊತ್ತು ಕೈಕಟ್ಟಿ ಕೂಡುವವು. ವಿದ್ಯುತ್ತು ಮಾತ್ರ ಹತ್ತಕ್ಕೂ ಹರಿಯುವದು. ಆದ್ದರಿಂದ ದೊಡ್ಡ ಯಂತ್ರವೊಂದನ್ನು ಇಟ್ಟು, ಅದರ ಮೇಲೆ ಹಲವು ಯಂತ್ರಗಳು ಇದ್ದಂತೆ ತೋರುವ ಹಾಗೆ ಮಾಡುವರು. ಹೀಗೆ ತೋರುವ ಪ್ರತಿಯೊಂದಕ್ಕೂ ಇಂಗ್ಲಿಷಿನಲ್ಲಿ ವರ್ಚುವಲ್ ಮಶೀನ್ ಎಂದು ಹೆಸರು. ನಾನು 'ಕಲ್ಪಿತ ಯಂತ್ರ' ಎಂದು ಕರೆಯುತ್ತೇನೆ. ಪ್ರತಿ ಕಲ್ಪಿತ ಯಂತ್ರಕ್ಕೂ ತನ್ನದೇ ಆದ ಆಪರೇಟಿಂಗ್ ಸಿಸ್ಟಮ್, ಅರ್ಥಾತ್ ಕಾರ್ಯವ್ಯವಸ್ಥೆ, ಇರುವದು. ತಾನೊಬ್ಬನೇ ಈ ಯಂತ್ರದ ಒಡೆಯನೆಂದು ಅದು ನಂಬಿರುವದು. ಇವೆಲ್ಲವುಗಳ ಕೆಳಗೆ ಕುಳಿತು ನಿಜವಾದ ಯಂತ್ರವನ್ನು ಹಂಚಿಕೊಡುವ ವ್ಯವಸ್ಥೆಗೆ ಹೈಪರ್‌ವೈಸರ್ ಎನ್ನುವರು. ಮೇಲಿನದನ್ನು 'ಅತಿಥಿ' ಎಂದೂ ಕೆಳಗಿನದನ್ನು 'ಯಜಮಾನ' ಎಂದೂ ಕರೆದರೆ ಮುಂದಿನ ಮಾತು ಸುಲಭವಾಗುವದು.

ಇದು ಇತ್ತೀಚಿನ ಕಲ್ಪನೆಯೆಂದು ನಾನು ಎಣಿಸಿದ್ದೆನು. ಹಾಗಿಲ್ಲ. 1967ರ ಹೊತ್ತಿಗೇ ಅಮೇರಿಕೆಯ ಕೇಂಬ್ರಿಜ್‌ನಲ್ಲಿದ್ದ ಐ.ಬಿ.ಎಂ. ಸಂಸ್ಥೆಯ ವಿಜ್ಞಾನ ಕೇಂದ್ರದವರು ಸಿ.ಪಿ.-40 ಎಂಬ ವ್ಯವಸ್ಥೆಯನ್ನು ನಡೆಸುತ್ತಿದ್ದರು. ಅದರಲ್ಲಿ ಒಂದೇ ಯಂತ್ರವು 14 ಯಂತ್ರಗಳಾಗಿ ತೋರುತ್ತಿದ್ದಿತು. 1972ರಲ್ಲಿ ಅದೇ ಸಂಸ್ಥೆಯು ವಿ.ಎಂ./370 ಎಂಬ ಹೆಸರಿನಲ್ಲಿ ಇದನ್ನು ಗ್ರಾಹಕರ ಬಳಕೆಗೂ ಬಿಟ್ಟಿತು. ಆಮೇಲೆ ಸಣ್ಣ ಯಂತ್ರಗಳು ಅಗ್ಗವಾಗಿ ಮನೆಮನೆಗೆ ಬಂದುದರಿಂದ ಈ ವಿದ್ಯೆಯು ಕೆಲಕಾಲ ಮೂಲೆಗೆ ಸೇರಿ, 1999ರಲ್ಲಿ ವಿಎಂವೇರ್ ಎಂಬ ಕಂಪನಿಯವರಿಂದ ಸಾಮಾನ್ಯ ಯಂತ್ರಗಳ ಮೇಲೆ ಮರಳಿ ಎದ್ದಿತು.

ಈಗ ಸ್ಮೃತಿಯ ವಿಷಯ. ಗಣಕಯಂತ್ರವು ಸದ್ಯ ಮಾಡುತ್ತಿರುವ ಕೆಲಸದ ಸಾಮಗ್ರಿಯನ್ನು ಹರಡಿಕೊಳ್ಳುವ ಜಾಗಕ್ಕೆ ಸ್ಮೃತಿ ಅಥವಾ ಮೆಮರಿ ಎನ್ನುವರು. ಇದನ್ನು ಸಾಮಾನ್ಯವಾಗಿ 4,096 ಅಕ್ಷರ ಹಿಡಿಸುವ ತುಂಡುಗಳಾಗಿ ಹೋಳುಮಾಡಿರುತ್ತಾರೆ. ಒಂದೊಂದು ತುಂಡಿಗೆ 'ಪುಟ' ಎಂದು ಹೆಸರು. 16 ಗಿಗಾಬೈಟ್ ಸ್ಮೃತಿಯೆಂದರೆ 41,94,304 ಪುಟಗಳು. ಯಾವ ಪ್ರೋಗ್ರಾಮಿಗೂ ನಿಜವಾದ ಪುಟದ ಸಂಖ್ಯೆಯನ್ನು ತಿಳಿಸುವದಿಲ್ಲ. ಪ್ರೋಗ್ರಾಮು ತನ್ನದೇ ಲೆಕ್ಕದಲ್ಲಿ 'ನನ್ನ ಮೊದಲನೆಯ ಪುಟ, ಎರಡನೆಯ ಪುಟ' ಎನ್ನುವದು. ಕಾರ್ಯವ್ಯವಸ್ಥೆಯು ಒಂದು ಖಾತೆ ಇಟ್ಟು ಅದರಲ್ಲಿ ನೋಡಿ ನಿಜವಾದ ಜಾಗವನ್ನು ಹೇಳುವದು. ಇಂಗ್ಲಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಟ್ಲಾಸ್ ಯಂತ್ರವು 1962ರಲ್ಲಿಯೇ ಈ ರೀತಿ ನಡೆದಿದ್ದಿತು.

ಕಲ್ಪಿತ ಯಂತ್ರ ಬಂದೊಡನೆ ಒಂದು ಖಾತೆ ಎರಡಾಗುವದು. ಇದನ್ನು ನಮ್ಮ ಮನೆಯ ಮಾತಿನಲ್ಲಿ ಹೇಳುವದು ಲೇಸು. ನಮ್ಮ ತಾಯಿಯವರು "ಬುತ್ತಿ ಹಳ್ಳದ ಹೊಲಕ್ಕ ಒಯ್ಯಿ" ಎನ್ನುವರು. 'ಹಳ್ಳದ ಹೊಲ' ಎಂಬ ಹೆಸರು ಯಾವ ಸರಕಾರಿ ಕಾಗದದಲ್ಲಿಯೂ ಇಲ್ಲ. ಅದು ಇಂಥ ಸರ್ವೆ ನಂಬರೆಂಬುದು ತಂದೆಯವರಿಗೆ ಗೊತ್ತು. ಆ ನಂಬರಿನ ಬಾಂದಗಲ್ಲುಗಳು ನೆಲದ ಮೇಲೆ ಎಲ್ಲಿಂದ ಎಲ್ಲಿಗೆ ಎಂಬುದು ಮೋಜಣಿದಾರರಿಗೆ ಗೊತ್ತು. ಹೆಸರಿನಿಂದ ನಂಬರಿಗೆ ಒಂದು ಖಾತೆ. ನಂಬರಿನಿಂದ ನೆಲಕ್ಕೆ ಇನ್ನೊಂದು ಖಾತೆ. ಕಲ್ಪಿತ ಯಂತ್ರದಲ್ಲಿ ಪ್ರೋಗ್ರಾಮಿನ ಪುಟವು 'ಹಳ್ಳದ ಹೊಲ'. ಅತಿಥಿಯು ತನ್ನ ಖಾತೆ ತೆರೆದು ಅದಕ್ಕೆ ನಂಬರು ಕೊಡುವದು ಮತ್ತು ಆ ನಂಬರೇ ನಿಜವಾದ ನೆಲವೆಂದು ತಿಳಿಯುವದು. ಯಜಮಾನನು ತನ್ನ ಖಾತೆಯಲ್ಲಿ ಆ ನಂಬರನ್ನು ಹುಡುಕಿ ನಿಜವಾದ ನೆಲ ತೋರಿಸುವನು. ಅತಿಥಿಗೆ ಒಂದಕ್ಕೊಂದು ಹತ್ತಿಕೊಂಡಂತೆ ತೋರುವ ಎರಡು ಪುಟಗಳು ನಿಜಯಂತ್ರದಲ್ಲಿ ಎಲ್ಲಿಯೋ ಒಂದು, ಎಲ್ಲಿಯೋ ಒಂದು ಇರಬಹುದು.

ಎರಡು ಖಾತೆ ಓದುವದು ನಿಧಾನದ ಕೆಲಸ. ಮೊದಲು ಇದಕ್ಕೆ ಒಂದು ಉಪಾಯ ಮಾಡಿದ್ದರು. ಎರಡನ್ನೂ ಕೂಡಿಸಿ, 'ಹಳ್ಳದ ಹೊಲ' ಎಂದೊಡನೆ ನೇರವಾಗಿ ಬಾಂದಗಲ್ಲು ತೋರಿಸುವ ಮೂರನೆಯ ಖಾತೆಯನ್ನು ಯಜಮಾನನು ಗುಟ್ಟಾಗಿ ಬರೆದಿಡುತ್ತಿದ್ದನು. ಇದನ್ನು ನೆರಳು-ಖಾತೆ ಎನ್ನಬಹುದು. ಆದರೆ ಅತಿಥಿ ತನ್ನ ಖಾತೆಯಲ್ಲಿ ಒಂದು ಸಾಲು ತಿದ್ದಿದರೂ ನೆರಳನ್ನು ತಿದ್ದಬೇಕು. ತಿದ್ದಿ ತಿದ್ದಿ ಯಜಮಾನನು ದಣಿಯುತ್ತಿದ್ದನು. 2007ರಲ್ಲಿ ಎ.ಎಂ.ಡಿ.ಯವರೂ 2008ರಲ್ಲಿ ಇಂಟೆಲ್‌ನವರೂ ಎರಡೂ ಖಾತೆಗಳನ್ನು ತಾನೇ ಓದಬಲ್ಲ ಯಂತ್ರಾಂಗವನ್ನು ತಮ್ಮ ಚಿಪ್ಪುಗಳೊಳಗೆ ಸೇರಿಸಿದರು. ನೆರಳು-ಖಾತೆಯ ಅವಶ್ಯಕತೆ ತಪ್ಪಿತು. ಓದುವ ಕೆಲಸ ಮಾತ್ರ ಬೆಳೆಯಿತು. ಲೆಕ್ಕ ಸ್ವಾರಸ್ಯವಾಗಿದೆ. ಈ ಖಾತೆಗಳು ಒಂದರೊಳಗೊಂದು ಸಾಮಾನ್ಯವಾಗಿ ನಾಲ್ಕು ಮೆಟ್ಟಲಿನವು. ಅತಿಥಿಯ ಖಾತೆಯ ಒಂದು ಮೆಟ್ಟಲನ್ನು ಓದಬೇಕಾದರೆ ಆ ಮೆಟ್ಟಲು ನಿಜವಾಗಿ ಎಲ್ಲಿದೆಯೆಂದು ತಿಳಿಯಲು ಯಜಮಾನನ ನಾಲ್ಕು ಮೆಟ್ಟಲು ಇಳಿಯಬೇಕು. ನಾಲ್ಕು ಮತ್ತು ಅದನ್ನು ಓದುವದೊಂದು, ಒಟ್ಟು ಐದು. ನಾಲ್ಕೈದ್ಲೆ ಇಪ್ಪತ್ತು. ಕೊನೆಗೆ ಸಿಕ್ಕ ನಂಬರಿನ ನೆಲ ಹುಡುಕಲು ಮತ್ತೆ ನಾಲ್ಕು. ಅಂತೂ ಒಂದು ಅಕ್ಷರವನ್ನು ಮುಟ್ಟುವ ಮುನ್ನ 24 ಸಲ ಖಾತೆ ನೋಡಬೇಕಾದ ಪ್ರಸಂಗ ಬರಬಹುದು! ದಿನವೂ ಹೀಗೆ ಆಗದಿರುವದಕ್ಕೆ ಕಾರಣ, ಈಗತಾನೆ ಹುಡುಕಿದ ವಿಳಾಸಗಳನ್ನು ಚಿಪ್ಪು ಒಂದು ಸಣ್ಣ ಪಟ್ಟಿಯಲ್ಲಿ ನೆನಪಿಟ್ಟುಕೊಳ್ಳುವದು. ಹಳೆಯ ತಲಾಟಿಯವರು ಕೂಡ ಎಲ್ಲ ಹೊಲಗಳಿಗೂ ದಫ್ತರ ಬಿಚ್ಚುತ್ತಿರಲಿಲ್ಲವಷ್ಟೆ. ಮೇಲಾಗಿ 4,096 ಅಕ್ಷರದ ಬದಲು 2 ಮೆಗಾಬೈಟಿನ ದೊಡ್ಡ ಪುಟಗಳನ್ನು ಬಳಸಿದರೆ ಮೆಟ್ಟಲುಗಳೂ ಕಡಿಮೆ, ನೆನಪಿಡಬೇಕಾದ ವಿಳಾಸಗಳೂ ಕಡಿಮೆ.

ಇಲ್ಲಿಯವರೆಗಿನದು ಬರಿಯ ಲೆಕ್ಕಪತ್ರದ ಮಾತು. ಕಠಿಣವಾದುದು ಮುಂದಿದೆ.

64 ಗಿಗಾಬೈಟಿನ ಒಂದು ಯಂತ್ರದ ಮೇಲೆ, ತಲಾ 16 ಗಿಗಾಬೈಟ್ ಇರುವದೆಂದು ಹೇಳಿ ಆರು ಅತಿಥಿಗಳನ್ನು ಕೂಡಿಸಬಹುದು. ಆರು ಹದಿನಾರ್ಲೆ 96. ಇಲ್ಲದ 32 ಗಿಗಾಬೈಟುಗಳನ್ನು ಯಜಮಾನನು ಎಲ್ಲಿಂದ ತಂದನು? ಎಲ್ಲಿಂದಲೂ ಇಲ್ಲ, ಮಾತು ಕೊಟ್ಟನು, ಅಷ್ಟೆ. ಎಲ್ಲರೂ ಏಕಕಾಲಕ್ಕೆ ಪೂರ್ತಿ ಕೇಳಲಾರರೆಂಬ ಧೈರ್ಯದಿಂದ ಮಾತು ಕೊಟ್ಟನು. ಇದು ಮೋಸವೇ ಎಂದು ನನಗೂ ಅನ್ನಿಸಿದ್ದುಂಟು. ಆದರೆ ಈ ಧೈರ್ಯವಿಲ್ಲದೆ ಯಂತ್ರಗಳನ್ನು ಹಂಚಿಕೊಂಡು ಉಳಿಸುವ ಹಣ ಉಳಿಯುವದಿಲ್ಲ.

ನಮ್ಮ ಭಾಗದವರಿಗೆ ಇಂಥ ಮಾತಿನ ರುಚಿ ಗೊತ್ತಿದೆ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಪೂರ್ಣ ಸಂಗ್ರಹ 37.73 ಟಿ.ಎಂ.ಸಿ. ಅಚ್ಚುಕಟ್ಟಿನ ಪಟ್ಟಿಯಲ್ಲಿ ಹೊಲಗಳನ್ನು ಬರೆದುಕೊಂಡಾಗ ಕಾಗದದ ಮೇಲೆ ಎಲ್ಲರಿಗೂ ನೀರಿದ್ದಿತು. ಕಾಲುವೆಯ ತಲೆಯಲ್ಲಿದ್ದವರು ಹೆಚ್ಚು ನೀರು ಬೇಡುವ ಬೆಳೆ ಹಾಕಿದ ವರ್ಷ ಬಾಲದಲ್ಲಿದ್ದವರಿಗೆ ದಕ್ಕುವದು ಒಣ ಕಾಲುವೆ. 1980ರ ಜುಲೈ ತಿಂಗಳಲ್ಲಿ ನರಗುಂದ, ನವಲಗುಂದಗಳ ರೈತರು ಬೆಟರ್‌ಮೆಂಟ್ ಲೆವಿಯೆಂಬ ನೀರಾವರಿ ಕರದ ವಿರುದ್ಧ ಎದ್ದರು. ಗೋಲಿಬಾರಿನಲ್ಲಿ ಜೀವಗಳು ಹೋದವು. ಪಟ್ಟಿಯಲ್ಲಿ ಬರೆದುದಕ್ಕೂ ಹೊಲಕ್ಕೆ ಮುಟ್ಟಿದುದಕ್ಕೂ ಇರುವ ಅಂತರವು ಎಂಥದೆಂಬುದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ಯಂತ್ರದ ಯಜಮಾನನಿಗೂ ಎದುರಾಗುವ ಪ್ರಶ್ನೆ ಅದೇ: ಎಲ್ಲರೂ ಕೇಳಿದ ದಿನ ಯಾರಿಂದ ಹಿಂದಕ್ಕೆ ತೆಗೆದುಕೊಳ್ಳಬೇಕು, ಎಷ್ಟು, ಮತ್ತು ಯಾವುದನ್ನು?

ಈ 'ಯಾವುದನ್ನು' ಎಂಬಲ್ಲಿಯೇ ಗಂಟು ಇರುವದು. ಲಿನಕ್ಸ್ ಕಾರ್ಯವ್ಯವಸ್ಥೆಯಲ್ಲಿ 2007ರಿಂದ ಕೆ.ವಿ.ಎಂ. ಎಂಬ ಭಾಗವಿದೆ, ಅದರ ದೃಷ್ಟಿಯಲ್ಲಿ ಇಡೀ ಕಲ್ಪಿತ ಯಂತ್ರವು ಉಳಿದ ಪ್ರೋಗ್ರಾಮುಗಳಂತೆ ಒಂದು ಪ್ರೋಗ್ರಾಮು ಮಾತ್ರ. ಅತಿಥಿಯು ಒಂದು ಪುಟವನ್ನು ಮೊದಲ ಸಲ ಮುಟ್ಟಿದಾಗಲೇ ಯಜಮಾನನು ನಿಜವಾದ ಪುಟವನ್ನು ಕೊಡುವನು. ಮುಟ್ಟದಿದ್ದರೆ ಕೊಡುವದಿಲ್ಲ, ಇಷ್ಟು ಜಾಣತನದ ಮಾತೇ. ಆದರೆ ಅತಿಥಿಯು ಆ ಪುಟದ ಕೆಲಸ ಮುಗಿಸಿ ತನ್ನ ಖಾತೆಯಲ್ಲಿ 'ಖಾಲಿ' ಎಂದು ಬರೆದುಕೊಂಡರೆ ಆ ಸುದ್ದಿ ಕೆಳಗೆ ಇಳಿಯುವದಿಲ್ಲ. ಹಳೆಯ ಮನೆಗಳಲ್ಲಿ ಜೋಳ ತುಂಬಿಡುವ ಹಗೇವು ಇರುತ್ತಿದ್ದವು. ನೆಲದ ಮೇಲೆ ನಿಂತು ನೋಡಿದವನಿಗೆ ಬಾಯಿ ಮುಚ್ಚಿದ ಹಗೇವು ತುಂಬಿದೆಯೋ ಬರಿದಾಗಿದೆಯೋ ತಿಳಿಯದು. ಮನೆಯ ಹೆಣ್ಣುಮಕ್ಕಳಿಗೆ ಮಾತ್ರ ಗೊತ್ತು. ಯಜಮಾನನು ಹಾಗೆ ನೆಲದ ಮೇಲೆ ನಿಂತವನು. ಪುಟದ ಒಡೆತನ ಅವನದು, ಅದರ ಉಪಯೋಗದ ತಿಳಿವಳಿಕೆ ಅತಿಥಿಯದು. ಕಲ್ಪಿತ ಯಂತ್ರಗಳ ಸ್ಮೃತಿಯ ಎಲ್ಲ ತೊಡಕುಗಳೂ ಈ ಒಂದು ಸಂಗತಿಯಿಂದ ಹುಟ್ಟಿದವೆಂದು ನನ್ನ ತಿಳಿವಳಿಕೆ.

ತಿಳಿಯದೆಯೇ ಕಿತ್ತುಕೊಂಡರೆ ಏನಾಗುವದು? ಯಜಮಾನನು ತನಗೆ ತೋಚಿದ ಪುಟಗಳನ್ನು ಎತ್ತಿ ಡಿಸ್ಕಿನ ಮೇಲೆ ಹಾಕಬಹುದು. ಇದಕ್ಕೆ ಸ್ವ್ಯಾಪ್ ಎನ್ನುವರು. ಸ್ಮೃತಿಯನ್ನು ಮುಟ್ಟಲು ಸುಮಾರು 100 ನ್ಯಾನೋಸೆಕೆಂಡು ಸಾಕು. ತಿರುಗುವ ಡಿಸ್ಕಿಗೆ ಹೋಗಿ ಬರಲು ಸುಮಾರು 10 ಮಿಲಿಸೆಕೆಂಡು, ಅಂದರೆ ಲಕ್ಷಪಟ್ಟು ಹೆಚ್ಚು. ಸ್ಮೃತಿಗೆ ಒಂದು ನಿಮಿಷ ಹಿಡಿದರೆ ಡಿಸ್ಕಿಗೆ 69 ದಿವಸ ಹಿಡಿದಂತೆ. ಹೊಸ ತರದ ಎಸ್.ಎಸ್.ಡಿ. ಇದ್ದರೂ ಸಾವಿರಪಟ್ಟು ತಪ್ಪಿದ್ದಲ್ಲ. ಮೇಲಾಗಿ ಒಂದು ವಿಚಿತ್ರ ಪ್ರಸಂಗವೂ ಘಟಿಸುವದು. ಯಜಮಾನನು ಬಹುಕಾಲ ಮುಟ್ಟದ ಪುಟವೊಂದನ್ನು ಡಿಸ್ಕಿಗೆ ಕಳಿಸಿದನೆನ್ನಿರಿ. ಅದೇ ಹೊತ್ತಿಗೆ ಅತಿಥಿಗೂ ಸ್ಮೃತಿ ಸಾಲದೆ, ಅದೂ ಬಹುಕಾಲ ಮುಟ್ಟದ ಪುಟವನ್ನೇ ಹುಡುಕಿ ತನ್ನ ಡಿಸ್ಕಿಗೆ ಹಾಕಲು ನಿಶ್ಚಯಿಸುವದು. ಅದು ಅದೇ ಪುಟ! ಅಂದಮೇಲೆ ಯಜಮಾನನು ಅದನ್ನು ಡಿಸ್ಕಿನಿಂದ ತಂದು ಕೊಡಬೇಕು, ಅತಿಥಿಯು ಅದನ್ನು ಒಡನೆಯೇ ಮತ್ತೆ ಡಿಸ್ಕಿಗೆ ಬರೆಯಬೇಕು. ಅಟ್ಟಕ್ಕೆ ಹಾಕಿದ ಮೂಟೆಯನ್ನು ಇಳಿಸಿ, ಪುನಃ ಅಟ್ಟಕ್ಕೇ ಏರಿಸಿದಂತೆ.

ಈ ಗಂಟನ್ನು ಬಿಡಿಸಿದ ಉಪಾಯಗಳಲ್ಲಿ ನನಗೆ ಬಹಳ ಮೆಚ್ಚಿಗೆಯಾದುದು 'ಬಲೂನು'. 2002ರಲ್ಲಿ ಕಾರ್ಲ್ ವಾಲ್ಡ್‌ಸ್ಪರ್ಗರ್ ಎಂಬ ವಿಎಂವೇರ್ ಸಂಶೋಧಕರು ಇದನ್ನೂ ಇನ್ನೂ ಕೆಲವು ಉಪಾಯಗಳನ್ನೂ ಒಂದು ಪ್ರಬಂಧದಲ್ಲಿ ವಿವರಿಸಿದರು. ಯಜಮಾನನು ಅತಿಥಿಯ ಮನೆಯೊಳಗೆ ಮೊದಲೇ ತನ್ನವನೊಬ್ಬನನ್ನು ಇಟ್ಟಿರುತ್ತಾನೆ. ಅದು ಒಂದು ಸಣ್ಣ ಪ್ರೋಗ್ರಾಮು. ಸ್ಮೃತಿಯ ಕೊರತೆ ಬಂದಾಗ ಅವನಿಗೆ 'ಉಬ್ಬು' ಎಂದು ಸನ್ನೆ ಮಾಡುವನು. ಅವನು ಅತಿಥಿಯ ಕಾರ್ಯವ್ಯವಸ್ಥೆಯನ್ನು, 'ನನಗೆ ಇಷ್ಟು ಪುಟ ಬೇಕು' ಎಂದು ಸಭ್ಯತೆಯಿಂದ ಕೇಳುವನು. ಅತಿಥಿಯು ಮೊದಲು ಖಾಲಿ ಪುಟಗಳನ್ನು ಕೊಡುವದು. ಸಾಲದಿದ್ದರೆ ತನಗೆ ಅಷ್ಟಾಗಿ ಬೇಡವಾದುದನ್ನು ತಾನೇ ಆರಿಸಿ, ಬೇಕಾದುದನ್ನು ತನ್ನ ಡಿಸ್ಕಿನಲ್ಲಿ ಜೋಪಾನ ಮಾಡಿ, ಜಾಗ ತೆರವು ಮಾಡಿಕೊಡುವದು. ಬಲೂನು ಆ ಪುಟಗಳ ಮೇಲೆ ಸುಮ್ಮನೆ ಕುಳಿತು, ಅವುಗಳ ನಂಬರುಗಳನ್ನು ಯಜಮಾನನಿಗೆ ಹೇಳುವದು. ಯಜಮಾನನು ಆ ನಂಬರುಗಳ ಹಿಂದಿನ ನಿಜವಾದ ನೆಲವನ್ನು ಬೇರೊಬ್ಬ ಅತಿಥಿಗೆ ಕೊಡುವನು. ಕೊರತೆ ತೀರಿದಾಗ ಬಲೂನು ಇಳಿಯುವದು. ಹಗೇವಿನ ಬಾಯಿ ತೆರೆಯದೆ, ಮನೆಯವರಿಂದಲೇ ಯಾವುದು ಬರಿದೆಂದು ಹೇಳಿಸಿಕೊಂಡಂತಾಯಿತು. 2020ರಲ್ಲಿ ಲಿನಕ್ಸಿನವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾರೂ ಕೇಳದಿದ್ದರೂ ಅತಿಥಿಯು ತನ್ನ ಖಾಲಿ ಪುಟಗಳನ್ನು ತಾನಾಗಿ ತಿಳಿಸುವ ಏರ್ಪಾಡನ್ನೂ ಸೇರಿಸಿದರು. ಬಲೂನಿಗೂ ದೌರ್ಬಲ್ಯವಿದೆ: ಅದು ಉಬ್ಬಲು ವೇಳೆ ಬೇಕು, ಅತಿಥಿಯ ಸಹಕಾರವೂ ಬೇಕು. ಅತಿಥಿಯು ಈಗತಾನೆ ಎದ್ದು ಕಣ್ಣುಜ್ಜಿಕೊಳ್ಳುತ್ತಿದ್ದರೆ ಅದರೊಳಗೆ ಬಲೂನು ಇನ್ನೂ ಹುಟ್ಟಿರುವದೇ ಇಲ್ಲ.

ಅದೇ ಪ್ರಬಂಧದ ಇನ್ನೊಂದು ಉಪಾಯವೆಂದರೆ ಒಂದೇ ತರದ ಪುಟಗಳನ್ನು ಒಂದುಮಾಡುವದು. ಆರು ಅತಿಥಿಗಳೂ ಒಂದೇ ಬಗೆಯ ಕಾರ್ಯವ್ಯವಸ್ಥೆಯವರಾದರೆ ಅನೇಕ ಪುಟಗಳು ಅಕ್ಷರಶಃ ಒಂದೇ ಆಗಿರುವವು. ಯಜಮಾನನು ಅವನ್ನು ಹೋಲಿಸಿ ನೋಡಿ ಒಂದೇ ಪ್ರತಿ ಇಟ್ಟು ಆರು ಖಾತೆಗಳಲ್ಲಿಯೂ ಅದನ್ನೇ ತೋರಿಸುವನು. ಓಣಿಗೆಲ್ಲ ಒಂದೇ ಪಂಚಾಂಗವಿದ್ದಂತೆ. ಯಾರಾದರೂ ಅದರಲ್ಲಿ ಗೀಚಹೋದರೆ ಆಗ ಅವರಿಗೆ ಬೇರೆ ಪ್ರತಿ ಮಾಡಿಕೊಡುವನು. ಲಿನಕ್ಸಿನಲ್ಲಿಯೂ 2009ರಿಂದ ಈ ಅನುಕೂಲವಿದೆ. ಆದರೆ ಹೀಗೆ ಹಂಚಿಕೊಂಡ ಪುಟಗಳನ್ನು ಮುಟ್ಟಲು ಹಿಡಿಯುವ ಕಾಲವನ್ನು ಅಳೆದು, ನೆರೆಯ ಅತಿಥಿಯ ಗುಟ್ಟನ್ನು ಊಹಿಸಬಹುದೆಂದು ಸಂಶೋಧಕರು ತೋರಿಸಿಕೊಟ್ಟರು. ಆದ್ದರಿಂದ 2014ರಲ್ಲಿ ವಿಎಂವೇರ್‌ನವರು ಬೇರೆ ಬೇರೆ ಕಲ್ಪಿತ ಯಂತ್ರಗಳ ನಡುವಿನ ಈ ಹಂಚಿಕೆಯನ್ನು ಮೊದಲಿನಿಂದಲೇ ನಿಲ್ಲಿಸಿ ಇಡಲು ನಿರ್ಧರಿಸಿದರು. ಬೇಕಾದವರು ತಾವೇ ತೆರೆದುಕೊಳ್ಳಬೇಕು. ಉಳಿತಾಯ ಒಳ್ಳೆಯದೇ, ಆದರೆ ನೆರೆಯವನ ಸಾಲದ ಕಾಗದ ನನ್ನ ಕಣ್ಣಿಗೆ ಬೀಳಬಾರದಷ್ಟೆ.

ಇನ್ನು 'ಯಾರಿಂದ, ಎಷ್ಟು' ಎಂಬ ಪ್ರಶ್ನೆ. ಪ್ರತಿ ಅತಿಥಿಗೂ ಪಾಲು ಗೊತ್ತುಮಾಡಿರುತ್ತಾರೆ. ಕೇವಲ ಪಾಲಿನಂತೆ ಹಂಚಿದರೆ ದೊಡ್ಡ ಪಾಲುದಾರನು ಉಪಯೋಗಿಸದೆ ಹಿಡಿದಿಟ್ಟುಕೊಂಡು, ಸಣ್ಣವನು ಹಸಿದಿರುವ ಸಂಭವವುಂಟು. ಇದಕ್ಕೆ ವಾಲ್ಡ್‌ಸ್ಪರ್ಗರ್ ಅವರು ಸೂಚಿಸಿದುದು ಒಂದು ತೆರಿಗೆ! ಸುಮ್ಮನೆ ಬಿದ್ದ ಪುಟದ ಮೇಲೆ ನೂರಕ್ಕೆ 75ರಂತೆ ತೆರಿಗೆ ಹಾಕಿದರೆ, ಅಂಥ ಒಂದು ಪುಟವು ಲೆಕ್ಕದಲ್ಲಿ ದುಡಿಯುವ ನಾಲ್ಕು ಪುಟಗಳಿಗೆ ಸಮವಾಗುವದು. ಆದ್ದರಿಂದ ಕೊರತೆ ಬಂದಾಗ ಹಿಡಿದಿಟ್ಟುಕೊಂಡವನಿಂದಲೇ ಮೊದಲು ಹಿಂದೆಗೆಯುವರು. ಸುಮ್ಮನೆ ಬಿದ್ದಿದೆಯೆಂದು ಹೇಗೆ ತಿಳಿಯಬೇಕು? ಎಲ್ಲ ಪುಟಗಳನ್ನು ನೋಡುತ್ತ ಕೂಡಲಾಗದು. ಅವರು 30 ಸೆಕೆಂಡಿಗೊಮ್ಮೆ ಎಲ್ಲಿಂದಲೋ ಆರಿಸಿದ 100 ಪುಟಗಳ ಮೇಲೆ ಮಾತ್ರ ಕಣ್ಣಿಟ್ಟು, ಅವುಗಳಲ್ಲಿ ಎಷ್ಟನ್ನು ಅತಿಥಿ ಮುಟ್ಟಿತೆಂಬುದರಿಂದ ಇಡೀ ಯಂತ್ರದ ಅಂದಾಜು ಮಾಡಿದರು. ನಮ್ಮಲ್ಲಿ ಬೆಳೆವಿಮೆಗಾಗಿ ಕೆಲವು ಹೊಲಗಳಲ್ಲಿ ಮಾತ್ರ ಬೆಳೆ ಕಟಾವು ಪ್ರಯೋಗ ಮಾಡಿ ಊರಿನ ಇಳುವರಿಯನ್ನು ಹೇಳುವರಲ್ಲ, ಅದೇ ಕ್ರಮ. ದುಡಿಯದ ನೆಲಕ್ಕೆ ತೆರಿಗೆ, ದುಡಿಯುವ ನೆಲಕ್ಕೆ ವಿನಾಯಿತಿ ಎಂಬ ಈ ನ್ಯಾಯವು ಅರ್ಥಶಾಸ್ತ್ರದ ತರಗತಿಯಲ್ಲಿ ಚರ್ಚೆಗೆ ತಕ್ಕುದಾಗಿದೆ.

ಎಲ್ಲ ಉಪಾಯಗಳೂ ಸೋತರೆ ಲಿನಕ್ಸಿನಲ್ಲಿ ಕೊನೆಯ ಕ್ರಮವೊಂದಿದೆ. ಸ್ಮೃತಿ ಪೂರ್ತಿ ಮುಗಿದಾಗ ಅದು ಯಾವುದಾದರೊಂದು ಪ್ರೋಗ್ರಾಮನ್ನು ಆರಿಸಿ ಕೊಂದು ಹಾಕುವದು. ಸಾಮಾನ್ಯವಾಗಿ ಹೆಚ್ಚು ಸ್ಮೃತಿ ಹಿಡಿದವನೇ ಬಲಿ. ಯಜಮಾನನಿಗೆ ಇಡೀ ಕಲ್ಪಿತ ಯಂತ್ರವು ಒಂದು ಪ್ರೋಗ್ರಾಮೆಂದು ಮೊದಲೇ ಹೇಳಿದೆನಷ್ಟೆ. ಆ ಯಂತ್ರವು ತನ್ನೊಳಗೆ ಸಾವಿರ ಜನರ ಕೆಲಸ ಇಟ್ಟುಕೊಂಡಿದ್ದರೂ ಒಂದೇ ಏಟಿಗೆ ನಿಲ್ಲುವದು. ಒಳಗಿನ ಅತಿಥಿಗೆ ತಾನು ಮಾಡಿದ ತಪ್ಪೇನೆಂದು ತಿಳಿಯುವ ಅವಕಾಶವೂ ಇಲ್ಲ.

ಇದಕ್ಕಾಗಿಯೇ ಯಂತ್ರಗಳ ಮೇಲ್ವಿಚಾರಕರ ಕೈಯಲ್ಲಿ 'ಮೀಸಲು' ಎಂಬ ಅಧಿಕಾರವಿದೆ. ಇಂಥ ಅತಿಥಿಗೆ ಇಷ್ಟು ಪುಟಗಳು ಮೀಸಲೆಂದು ಬರೆದರೆ, ಬಲೂನು ಉಬ್ಬಲಿ, ತೆರಿಗೆ ಬೀಳಲಿ, ಆ ಪುಟಗಳನ್ನು ಯಜಮಾನನು ಮುಟ್ಟುವಂತಿಲ್ಲ. ಮೀಸಲು ಪೂರೈಸುವಷ್ಟು ನಿಜವಾದ ಸ್ಮೃತಿ ಇಲ್ಲದಿದ್ದರೆ ವಿಎಂವೇರ್‌ನಂಥ ವ್ಯವಸ್ಥೆಯಲ್ಲಿ ಆ ಕಲ್ಪಿತ ಯಂತ್ರವನ್ನು ಆರಂಭಿಸಲು ಕೂಡ ಬಿಡುವದಿಲ್ಲ. ಕೊಡಲಾರದ ಮಾತನ್ನು ಮೊದಲೇ ಕೊಡದಿರುವದು ಇದೊಂದೇ ಕಡೆ. ಎಲ್ಲರಿಗೂ ಪೂರ್ತಿ ಮೀಸಲಿಟ್ಟರೆ ಆರು ಅತಿಥಿಗಳ ಜಾಗದಲ್ಲಿ ನಾಲ್ವರು ಕೂಡುವರು. ಯಂತ್ರದ ಖರ್ಚು ಏರುವದು. ಆದ್ದರಿಂದ ಯಾರಿಗೆ ಮೀಸಲು, ಯಾರಿಗೆ ಬರಿಯ ಮಾತು ಎಂಬುದನ್ನು ಮನುಷ್ಯರೇ ಕುಳಿತು ತೀರ್ಮಾನಿಸಬೇಕು. ವರ್ಷಕ್ಕೊಮ್ಮೆ ತೆರೆಯುವ ಹಳೆಯ ಕಡತಗಳ ಯಂತ್ರಕ್ಕೆ ಮಾತು ಸಾಕು. ಹೆಸರು ಬಿತ್ತುವ ಮುಂಚಿನ ವಾರಗಳಲ್ಲಿ ಬೆಳೆಸಾಲಕ್ಕೂ ವಿಮೆಗೂ ಊರೂರಿನವರು ಒಂದೇ ಮುಂಜಾನೆ ಉತಾರ ಕೇಳುವ ಯಂತ್ರಕ್ಕೆ ಮೀಸಲು ಬೇಕು.

ಇದನ್ನೆಲ್ಲ ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು ತಂದೆಯವರಿಗೆ ಹೇಳಿದೆನು. ಎರಡು ಖಾತೆಗಳ ಮಾತು ಅವರಿಗೆ ಕೂಡಲೆ ಹಿಡಿಸಿತು. ಬಲೂನಿನ ಮಾತಿಗೆ ನಕ್ಕರು. ಕೊನೆಗೆ, "ಅಂದ್ರ ನಮ್ಮ ಹೊಲ ಒಂದ ಕಡೆ ಕುಂತಿಲ್ಲಂದಂಗಾತು" ಎಂದರು. "ಹೌದಪ್ಪಾ, ಕೇಳಿದಾಗೊಮ್ಮೆ ಹುಡುಕಿ ತರತಾರ" ಎಂದೆನು.